ಜಗಳ ಹಿಂದಿಗೆ, ಕೈತಪ್ಪುತ್ತಿದ್ದದ್ದು ಗಣಿತ

ಹುಡುಗಿಯನ್ನು ಇಲ್ಲಿ ಶಾಂತಾ ಎಂದು ಕರೆಯುತ್ತೇನೆ. ಹೆಸರನ್ನೂ ಮನೆಯ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಪ್ರಕರಣ ಬರೆಯಲು ಅವಳ ಮತ್ತು ಪಾಲಕರ ಒಪ್ಪಿಗೆ ಇದೆ.

ಕೊಪ್ಪಳ ಜಿಲ್ಲೆಯ ಕಾರಟಗಿ ಕಡೆಯ ಊರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಸುತ್ತಲೂ ಭತ್ತದ ಗದ್ದೆ. ತಂದೆ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಾರೆ, ತಾಯಿ ನಾಟಿಗೂ ಕಳೆ ತೆಗೆಯಲೂ ಕೂಲಿಗೆ ಹೋಗುತ್ತಾರೆ. ಶಾಂತಾ ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಗೆ ಆಗತಾನೆ ಬಂದಿದ್ದಳು. ಮನೆಯಲ್ಲಿ ಯಾರೊಂದಿಗೂ ಮಾತಾಡುತ್ತಿಲ್ಲ, ಸರಿಯಾಗಿ ಉಣ್ಣುತ್ತಿಲ್ಲ ಎಂದು ಅವಳ ವಿಜ್ಞಾನ ಶಿಕ್ಷಕಿ, ಮಕ್ಕಳಿಗೆ ಓದಿನ ದಾರಿಯ ಬಗ್ಗೆ ಸಲಹೆ ಕೊಡುವ ನನ್ನ ಹತ್ತಿರ ಕಳಿಸಿದರು.

ಕಾರಣ ಒಂದು ಅರ್ಜಿ. ರಾಜ್ಯದ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತು ಮತ್ತು ಹತ್ತನೇ ತರಗತಿಗೆ ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಅಡಿಯಲ್ಲಿ ವೃತ್ತಿಪರ ವಿಷಯಗಳಿವೆ: ಐಟಿ, ರಿಟೇಲ್, ಆಟೊಮೊಬೈಲ್, ಹೆಲ್ತ್ ಕೇರ್, ಬ್ಯೂಟಿ ಅಂಡ್ ವೆಲ್‌ನೆಸ್. ಇವನ್ನು ತೆಗೆದುಕೊಳ್ಳುವ ಮಕ್ಕಳು ಮೂರನೇ ಭಾಷೆಯ, ಅಂದರೆ ಹೆಚ್ಚಾಗಿ ಹಿಂದಿಯ, ಜಾಗದಲ್ಲಿ ಇದನ್ನೇ ಓದುತ್ತಾರೆ, ಎಸ್ಸೆಸ್ಸೆಲ್ಸಿಯಲ್ಲಿ ಇದರ ಪರೀಕ್ಷೆಯನ್ನೇ ಬರೆಯುತ್ತಾರೆ. ಶಾಂತಾಳ ಶಾಲೆಯಲ್ಲಿ ಐಟಿ ಮತ್ತು ಆಟೊಮೊಬೈಲ್ ಎರಡೇ ಇದ್ದವು. ಹೆಣ್ಣುಮಕ್ಕಳೆಲ್ಲ ಐಟಿ ಬರೆದುಕೊಟ್ಟರೆ ಇವಳು ಆಟೊಮೊಬೈಲ್ ಬರೆದಿದ್ದಳು. ಸುದ್ದಿ ಅವಳ ಸೋದರಮಾವನ ಕಿವಿಗೆ ಬಿತ್ತು. ಅವರು ಪ್ರಾಥಮಿಕ ಶಾಲೆಯ ಮೇಷ್ಟ್ರು. ಆ ಮನೆಯಲ್ಲಿ ಓದಿನ ಮಾತು ಬಂದರೆ ಅವರದೇ ತೀರ್ಮಾನ.

ಮೊದಲು ಹುಡುಗಿಯೊಬ್ಬಳೊಂದಿಗೆ ಕೂತೆ. ಆಟೊಮೊಬೈಲ್ ಯಾಕೆ ಎಂದು ಕೇಳಲಿಲ್ಲ. ಆ ಪ್ರಶ್ನೆಯನ್ನು ಮನೆಯವರು ಕೇಳಿ ಕೇಳಿ ಅದು ಬೈಗುಳದ ಹಾಗೆ ಆಗಿಬಿಟ್ಟಿತ್ತು. ಸುಗ್ಗಿಯಲ್ಲಿ ಏನು ಮಾಡುತ್ತೀ ಎಂದೆ. ಆಗ ಮಾತು ಹರಿಯಿತು. ಭತ್ತ ಕೊಯ್ಯಲು ಹೊರಗಿನಿಂದ ಬರುವ ಕಟಾವು ಯಂತ್ರ, ಅದರ ಜರಡಿಯನ್ನು ಡ್ರೈವರ್ ಬಿಚ್ಚಿ ಒರೆಸುವುದು, ಚಿಕ್ಕಪ್ಪನ ಟ್ರ್ಯಾಕ್ಟರ್ ಬೆಳಗ್ಗೆ ಸ್ಟಾರ್ಟ್ ಆಗದೆ ಸತಾಯಿಸುವುದು. ಕೊನೆಗೆ ಅವಳು ಅಂದದ್ದು: "ಬೆಲ್ಟ್ ಹರಿದ್ರ ಹೊಸಾದು ಹಾಕಿಸ್ತಾರ್ರಿ. ಎದಕ್ಕ ಹರೀತು ಅಂತ ಯಾರೂ ಕೇಳಂಗಿಲ್ಲ."

ಈ ಒಂದು ಮಾತು ನನಗೆ ಯಾವ ಅಭಿರುಚಿ ಪರೀಕ್ಷೆಗಿಂತಲೂ ಹೆಚ್ಚು ಹೇಳಿತು. ಯಂತ್ರ ಇಷ್ಟ ಎನ್ನುವ ಮಕ್ಕಳು ಬಹಳ. ಅದು ಕೆಟ್ಟದ್ದು ಯಾಕೆ ಎಂದು ಹಿಂದೆ ಬೀಳುವವರು ಕಡಿಮೆ.

ಮುಂದಿನ ವಾರ ತಂದೆ, ತಾಯಿ, ಮಾವ ಮೂವರೂ ಬಂದರು. ಮಾತು ಮಾವನೇ ಶುರು ಮಾಡಿದರು. "ಹಿಂದಿ ಬಿಟ್ರ ನಾಳಿ ರೈಲ್ವೆ, ಪೊಲೀಸ್ ನೌಕ್ರಿಗೆ ತೊಂದ್ರಿ ಆಗಂಗಿಲ್ಲೇನ್ರಿ ಮೇಡಂ? ಅದರಾಗ ಹೆಣ್ಣುಹುಡುಗಿ, ಗ್ಯಾರೇಜ್‌ನ್ಯಾಗ ಪಾನಾ ಹಿಡಕೊಂಡು ನಿಂದ್ರಬೇಕಾ?" ತಂದೆ ತಲೆ ತಗ್ಗಿಸಿ ಕೂತಿದ್ದರು. ತಾಯಿ ಮಾತ್ರ ನನ್ನ ಮುಖ ನೋಡುತ್ತಿದ್ದರು.

ಮಾವನ ಭಯವನ್ನು ನಾನು ಹಗುರಾಗಿ ತೆಗೆದುಕೊಳ್ಳಲಿಲ್ಲ. ಸರ್ಕಾರಿ ನೌಕರಿಯೊಂದೇ ಆ ಮನೆತನವನ್ನು ಕೂಲಿಯಿಂದ ಮೇಲೆತ್ತಿದ್ದು, ಅದಕ್ಕೆ ಅವರೇ ಸಾಕ್ಷಿ. ಹಿಂದಿಯ ವಿಷಯಕ್ಕೆ ಇದ್ದದ್ದನ್ನು ಹೇಳಿದೆ. ರೈಲ್ವೆ ನೇಮಕಾತಿ ಪರೀಕ್ಷೆಗಳನ್ನು ಕನ್ನಡದಲ್ಲಿ ಬರೆಯಬಹುದು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಯೂ 2024ರಿಂದ ಕನ್ನಡದಲ್ಲಿದೆ. ಆರರಿಂದ ಎಂಟರವರೆಗೆ ಹಿಂದಿ ಓದಿದ್ದಾಳೆ, ಓದಲು ಬರೆಯಲು ಬರುತ್ತದೆ, ಬೇಕೆನಿಸಿದಾಗ ಮುಂದುವರಿಸಲು ಅಡ್ಡಿಯಿಲ್ಲ. ಗ್ಯಾರೇಜಿನ ವಿಷಯಕ್ಕೂ ಅಷ್ಟೇ ನೇರವಾಗಿ ಹೇಳಿದೆ: ಶಾಲೆಯ ಎರಡು ವರ್ಷದ ಆಟೊಮೊಬೈಲ್ ಪಾಠ ಯಾರನ್ನೂ ಮೆಕ್ಯಾನಿಕ್ ಮಾಡುವುದಿಲ್ಲ. ಬರೀ ಆ ಸರ್ಟಿಫಿಕೇಟಿಗೆ ಒಳ್ಳೆಯ ನೌಕರಿಯೂ ಸಿಗುವುದಿಲ್ಲ. ಈ ಕೆಲಸ ತನಗೆ ಒಗ್ಗುತ್ತದೋ ಇಲ್ಲವೋ ಎಂದು ಹುಡುಗಿ ತಾನೇ ಕೈಹಚ್ಚಿ ನೋಡಲು ಅದೊಂದು ಅವಕಾಶ. ಒಗ್ಗದಿದ್ದರೂ ಹತ್ತನೇ ತರಗತಿಯ ನಂತರ ಅವಳ ಯಾವ ದಾರಿಯೂ ಅದರಿಂದ ಮುಚ್ಚುವುದಿಲ್ಲ.

ಆಮೇಲೆ ನಾನೊಂದು ಪ್ರಶ್ನೆ ಕೇಳಿದೆ. ಹತ್ತನೇದಾದ ಮೇಲೆ ಏನು ಅಂದುಕೊಂಡಿದ್ದೀರಿ?

"ಇಲ್ಲೇ ಹತ್ತಿರದಾಗ ಪಿಯು ಕಾಲೇಜ್ ಐತ್ರಿ, ಆರ್ಟ್ಸ್‌ಗೆ ಹಚ್ಚತೀವಿ," ಎಂದರು ತಂದೆ. ಮಾವ ಹೂಂ ಅಂದರು. ತಾಯಿಯೂ ಅಂದರು. ಶಾಂತಾ ಕೂಡ!

ಈ ಪ್ರಕರಣದ ತಿರುಳು ಇದೇ. ತಿದ್ದಿಕೊಳ್ಳಬಹುದಾದ ಸಣ್ಣ ಆಯ್ಕೆಗೆ ಮನೆಯಲ್ಲಿ ತಿಂಗಳಿಡೀ ಜಗಳ. ತಿದ್ದಿಕೊಳ್ಳಲು ಕಷ್ಟವಾದ ದೊಡ್ಡ ಆಯ್ಕೆ ಒಂದು ಮಾತೂ ಇಲ್ಲದೆ ಮುಗಿದುಹೋಗಿತ್ತು. ನಮ್ಮ ಭಾಗದ ಮನೆ ಮನೆಯಲ್ಲಿ ಇದನ್ನು ಕಾಣುತ್ತೇನೆ, ಪ್ರತಿ ಸಲವೂ ಸಂಕಟವಾಗುತ್ತದೆ. ಕಲಾ ವಿಭಾಗದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಶಿಕ್ಷಕಿ, ವಕೀಲೆ, ಆಡಳಿತ ಸೇವೆ ಎಂದು ಗುರಿಯಿಟ್ಟು ಹೋಗುವವರಿಗೆ ಅದು ಒಳ್ಳೆಯ ದಾರಿ. ಆದರೆ ಕಾಲೇಜು ಹತ್ತಿರ ಇದೆ ಎನ್ನುವ ಕಾರಣಕ್ಕೆ ಬೆಲ್ಟ್ ಯಾಕೆ ಹರಿಯಿತೆಂದು ಕೇಳುವ ಹುಡುಗಿಯನ್ನು ಅಲ್ಲಿಗೆ ಕಳಿಸುವುದು ಸರಿಯಲ್ಲ.

ಶಾಂತಾ ಯಾಕೆ ತಲೆಯಾಡಿಸಿದಳು? ಮತ್ತೊಮ್ಮೆ ಒಬ್ಬಳನ್ನೇ ಕೂರಿಸಿಕೊಂಡು ಕೇಳಿದೆ. ಬಹಳ ಹೊತ್ತಿನ ಮೇಲೆ ಬಾಯಿಬಿಟ್ಟಳು: "ಆರ್ಟ್ಸ್‌ನ್ಯಾಗ ಗಣಿತ ಇರಂಗಿಲ್ಲಲ್ರಿ." ಏಳನೇ ತರಗತಿಯಲ್ಲಿ ಭಿನ್ನರಾಶಿ ಅರ್ಥವಾಗಿರಲಿಲ್ಲ. ಆ ವರ್ಷ ನಾಟಿಯ ಹೊತ್ತಿಗೆ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದಿದ್ದಳಂತೆ. ಎಂಟರಲ್ಲಿ ಬೀಜಗಣಿತ ಬಂದಾಗ ಹಿಂದಿನದೇ ಬಾಕಿ ಇತ್ತು. ಬೋರ್ಡಿಗೆ ಕರೆದಾರೆಂದು ಹಿಂದಿನ ಬೆಂಚಿಗೆ ಸರಿದಿದ್ದಳು. ಮನೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ.

ಹಾಗಾಗಿ ನನ್ನ ಸಲಹೆಯ ಬಹುಪಾಲು ಆಟೊಮೊಬೈಲ್ ಬಗ್ಗೆ ಇರಲೇ ಇಲ್ಲ. ಗಣಿತದ ಬಗ್ಗೆ ಇತ್ತು. ಆರು, ಏಳನೇ ತರಗತಿಯ ಪಠ್ಯಪುಸ್ತಕ ತೆಗೆದು ಭಿನ್ನರಾಶಿ, ಅನುಪಾತದಿಂದ ಮತ್ತೆ ಶುರು ಮಾಡಬೇಕು. ಬೆಳಗ್ಗೆ ಅರ್ಧ ಗಂಟೆ, ದಿನವೂ. ನಲವತ್ತು ಹಲ್ಲಿನ ಗಾಲಿ ಒಂದು ಸುತ್ತು ಹಾಕಿ ಇಪ್ಪತ್ತು ಹಲ್ಲಿನ ಗಾಲಿಯನ್ನು ತಿರುಗಿಸಿದರೆ ಸಣ್ಣದು ಎಷ್ಟು ಸುತ್ತು ಹಾಕುತ್ತದೆ ಎಂದು ಕೇಳಿದಾಗ ತಡವಿಲ್ಲದೆ "ಎರಡು" ಅಂದಳು. ಅದೇ ಅನುಪಾತ ಕಣೇ ಎಂದೆ. ಗಣಿತ ಮೇಷ್ಟ್ರಿಗೆ ಅವಳ ಎದುರೇ ಫೋನ್ ಮಾಡಿ, ಕೆಲವು ತಿಂಗಳು ಬೋರ್ಡಿಗೆ ಕರೆಯಬೇಡಿ, ನೋಟ್‌ಬುಕ್ ಮಾತ್ರ ನೋಡಿ ಎಂದು ಕೇಳಿಕೊಂಡೆ. ಅವರು ಒಪ್ಪಿದರು. ನಾಟಿ ಸಮಯದಲ್ಲಿ ಅವಳನ್ನು ಶಾಲೆ ಬಿಡಿಸಬಾರದು ಎಂದು ತಾಯಿಗೆ ಹೇಳಿದೆ. ಕೂಲಿಯ ಲೆಕ್ಕ ನನಗೆ ಗೊತ್ತಿಲ್ಲದ್ದೇನಲ್ಲ, ಆದರೂ ಹೇಳಲೇಬೇಕಿತ್ತು.

ಮುಂದಿನ ದಾರಿಗಳನ್ನು ಹಾಳೆಯ ಮೇಲೆ ಬರೆದು ತೋರಿಸಿದೆ. ಹತ್ತನೇದಾದ ಮೇಲೆ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮಾಡಿದರೆ ಕೆಲಸಕ್ಕೂ ಹೋಗಬಹುದು, ಡಿಪ್ಲೊಮಾ ಆದವರಿಗಿರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೂ ಸೇರಬಹುದು. ಡಿಪ್ಲೊಮಾ ಸೀಟಿಗೆ ಗಣಿತ, ವಿಜ್ಞಾನದ ಅಂಕಗಳೇ ಮುಖ್ಯ. ಐಟಿಐಯಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್‌ನಂಥ ಎರಡು ವರ್ಷದ ಟ್ರೇಡ್ ಮುಗಿಸಿದವರಿಗೆ ಡಿಪ್ಲೊಮಾ ಎರಡನೇ ವರ್ಷಕ್ಕೆ ಪ್ರವೇಶವಿದೆ. ಪಿಯುಸಿ ವಿಜ್ಞಾನವಾದರೆ ಭೌತಶಾಸ್ತ್ರ, ಗಣಿತ ಇಲ್ಲದೆ ಬಿಇ ಇಲ್ಲ. ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಎಂಜಿನಿಯರಿಂಗ್ ಬಿಟೆಕ್ ಇದೆ ಎಂದಾಗ ಶಾಂತಾ ಪೆನ್ನು ಕೆಳಗಿಟ್ಟಳು. ಟ್ರ್ಯಾಕ್ಟರ್, ನಾಟಿ ಯಂತ್ರ, ಕಟಾವು ಯಂತ್ರಗಳನ್ನೇ ಓದುವ ಕೋರ್ಸು ತನ್ನ ಊರಿನಿಂದ ಬಸ್ಸಿನಲ್ಲಿ ಹೋಗುವಷ್ಟು ದೂರದಲ್ಲಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅದಕ್ಕೂ ಪಿಯುಸಿಯಲ್ಲಿ ಗಣಿತ ಬೇಕೇ ಬೇಕು.

ತಂದೆಗಿದ್ದ ಚಿಂತೆ ದೂರದ್ದು, ದುಡ್ಡಿನದ್ದು. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಗಂಗಾವತಿಗೋ ಸಿಂಧನೂರಿಗೋ ದಿನಾ ಹೋಗಿಬರುವ ಖರ್ಚು ಅಲ್ಲಿಗೆ ತಪ್ಪಿತು. ಸಂಜೆಯ ಬಸ್ ಎಷ್ಟು ಹೊತ್ತಿಗೆ, ನಿಲ್ದಾಣದಿಂದ ಮನೆಗೆ ಜೊತೆ ಯಾರು ಎಂಬುದು ನಿಜವಾದ ಪ್ರಶ್ನೆ. ಅದನ್ನು ಮನೆಯವರೇ ಈಗಿನಿಂದ ಯೋಚಿಸಬೇಕು ಎಂದೆ.

ಇನ್ನೊಂದು ಕೆಲಸವನ್ನು ಮಾವನಿಗೇ ಒಪ್ಪಿಸಿದೆ. ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ 70% ಸೀಟು ಸ್ಥಳೀಯರಿಗೆ ಮೀಸಲು, ರಾಜ್ಯದ ಉಳಿದೆಡೆ 8%. ಅರ್ಹತಾ ಪ್ರಮಾಣಪತ್ರ ಉಪವಿಭಾಗಾಧಿಕಾರಿ ಕಚೇರಿಯಿಂದ ಬರಬೇಕು. ಸಿಇಟಿ ಹೊತ್ತಿಗೆ ಓಡಾಡಿ ಸೀಟು ಕಳೆದುಕೊಂಡ ಮಕ್ಕಳನ್ನು ನೋಡಿದ್ದೇನೆ. ದಾಖಲೆ ಒಟ್ಟುಮಾಡುವುದು ಮಾವನಿಗೆ ಚೆನ್ನಾಗಿ ಗೊತ್ತಿತ್ತು. "ಅದನ್ನ ನನಗ ಬಿಡ್ರಿ ಮೇಡಂ," ಎಂದರು. ಬೇಡ ಎನ್ನುತ್ತಿದ್ದವರ ಕೈಗೆ ಮಾಡುವಂಥ ಕೆಲಸ ಸಿಕ್ಕಾಗ ಮನೆಯ ಮಾತುಕತೆಯ ದನಿಯೇ ಬದಲಾಗುತ್ತದೆ.

ಅರ್ಜಿಯಲ್ಲಿ ಆಟೊಮೊಬೈಲ್ ಹಾಗೇ ಉಳಿಯಿತು. ಮಾವ ಇಂದಿಗೂ ಅದನ್ನು ಪೂರ್ತಿ ಮೆಚ್ಚಿಲ್ಲ, ಮೆಚ್ಚಬೇಕೆಂಬ ಹಟ ನನಗೂ ಇಲ್ಲ. ಶಾಂತಾ ಈಗ ಹತ್ತನೇ ತರಗತಿ. ಗಣಿತದಲ್ಲಿ ಪಾಸಿನ ಗೆರೆ ದಾಟಿದ್ದಾಳೆ, ಬೀಜಗಣಿತ ಇನ್ನೂ ಕಷ್ಟ. ಡಿಪ್ಲೊಮಾವೋ ಪಿಯುಸಿ ವಿಜ್ಞಾನವೋ ಎಂಬುದನ್ನು ಪೂರ್ವಸಿದ್ಧತಾ ಪರೀಕ್ಷೆಯ ಅಂಕ ನೋಡಿಕೊಂಡು ತೀರ್ಮಾನಿಸೋಣ ಎಂದಿದ್ದೇನೆ. ಅದಕ್ಕೆ ಮುಂಚೆ ರಜೆಯಲ್ಲಿ ತಂದೆಯ ಜೊತೆ ಗಂಗಾವತಿಯ ಒಂದು ಪಾಲಿಟೆಕ್ನಿಕ್ ಮತ್ತು ಒಂದು ಪಿಯು ಕಾಲೇಜಿಗೆ ಹೋಗಿ, ಲ್ಯಾಬ್ ನೋಡಿ, ಅಲ್ಲಿ ಓದುವ ಇಬ್ಬರು ಹುಡುಗಿಯರನ್ನು ಮಾತಾಡಿಸಿ ಬರಬೇಕು. ಕೇಳಬೇಕಾದ ಪ್ರಶ್ನೆಗಳನ್ನು ಅವಳೇ ಬರೆದುಕೊಂಡಿದ್ದಾಳೆ.