ಮಾಸ್ಟ್ರೇ, ಆ ಹಾಡಿನಲ್ಲಿ ತಾಳ ಇದೆ

ಪ್ರಿಯ ಮಾಸ್ಟ್ರೇ,

ಬ್ರಹ್ಮಾವರದಿಂದ ನೀವು ಬರೆದ ಇನ್‌ಲ್ಯಾಂಡ್ ಪತ್ರ ಬಂದು ಎರಡು ವಾರ ಆಯ್ತು. ಅಂಚಿನಲ್ಲೂ ಜಾಗ ಬಿಡದೆ ಬರೆದಿದ್ದೀರಿ. ಉಳಿದ ಓದುಗರಿಗೂ ವಿಷಯ ಗೊತ್ತಾಗಲಿ ಅಂತ ಮೊದಲು ಅದರ ಸಾರ ಹೇಳಿಬಿಡುತ್ತೇನೆ. ಕಳೆದ ಸಂಚಿಕೆಯಲ್ಲಿ ನಾವು ಇಂಗ್ಲೆಂಡಿನ ಗಾಯಕಿ ಅಡೆಲ್ ಹಾಡಿದ ‘ಸಮ್‌ವನ್ ಲೈಕ್ ಯು’ ಬಗ್ಗೆ ಎರಡು ಪುಟ ಬರೆದಿದ್ದೆವು. ನಿಮ್ಮ ಮೊಮ್ಮಗಳು ರಜೆಗೆ ಬಂದಾಗ ಅದನ್ನೇ ದಿನವಿಡೀ ಹಾಕುತ್ತಿದ್ದಳಂತೆ. ನಿಮಗೆ ಹಿಡಿಸಲಿಲ್ಲ. ಒಂದು ಪಿಯಾನೊ, ಒಬ್ಬಳ ಅಳು, ತಾಳ ಇಲ್ಲ ಮೇಳ ಇಲ್ಲ, ಅರ್ಧ ಮಾಡಿದ ಹಾಡನ್ನು ಪೂರ್ತಿ ಬೆಲೆಗೆ ಮಾರಿದ್ದಾರೆ ಎಂದಿದ್ದೀರಿ. ಟಿವಿಯಲ್ಲಿ ಕಣ್ಣೀರು ಹಾಕದಿದ್ದರೆ ಅದನ್ನು ಯಾರು ಕೇಳುತ್ತಿದ್ದರು ಅಂತಲೂ ಕೇಳಿದ್ದೀರಿ.

‘ಅರ್ಧ ಮಾಡಿದ ಹಾಡು’ ಅಂತ ನೀವು ಸಿಟ್ಟಿನಲ್ಲಿ ಬರೆದಿರಬಹುದು. ಆದರೆ ನಡೆದದ್ದು ಹೆಚ್ಚುಕಮ್ಮಿ ಹಾಗೆಯೇ. ಅಡೆಲ್ ಈ ಹಾಡನ್ನು ಡ್ಯಾನ್ ವಿಲ್ಸನ್ ಎಂಬ ಅಮೆರಿಕದ ಸಂಗೀತಗಾರನ ಜೊತೆ ಕೂತು ಎರಡು ದಿನದಲ್ಲಿ ಬರೆದರು. ಬರುವಾಗ ಆಕೆಯ ಕೈಯಲ್ಲಿದ್ದದ್ದು ಗಿಟಾರಿನಲ್ಲಿ ಹುಟ್ಟಿದ ಸ್ವಲ್ಪ ಭಾಗ ಮಾತ್ರ. ಅದನ್ನು ಪಿಯಾನೊದಲ್ಲಿ ನೋಡೋಣ ಎಂದವರು ವಿಲ್ಸನ್. ಮೊದಲ ದಿನ ಮುಗಿದಾಗ ಹಾಡು ಇನ್ನೂ ಪೂರ್ತಿ ಆಗಿರಲಿಲ್ಲ, ಆದರೂ ಆಕೆ ರೆಕಾರ್ಡಿಂಗ್ ತಗೊಂಡು ಹೋಗಿ ತನ್ನ ಅಮ್ಮನಿಗೂ ಮ್ಯಾನೇಜರಿಗೂ ಕೇಳಿಸಿದರು. ಮರುದಿನ ಬಂದು, ಮ್ಯಾನೇಜರಿಗೆ ತುಂಬ ಇಷ್ಟ ಆಯ್ತು, ಅಮ್ಮ ಅತ್ತುಬಿಟ್ಟರು ಎಂದರಂತೆ. ವಿಲ್ಸನ್ ಅದನ್ನು ಆಮೇಲೆ ಹೇಳಿಕೊಂಡಿದ್ದಾರೆ. ಆ ಎರಡು ದಿನದಲ್ಲಿ ಆದದ್ದು ಬರೀ ಡೆಮೊ, ಅಂದರೆ ಕಚ್ಚಾ ಪ್ರತಿ. ಸಾಮಾನ್ಯವಾಗಿ ಡೆಮೊ ಆದ ಮೇಲೆ ಡ್ರಮ್ಸ್ ಬರುತ್ತದೆ, ವಯಲಿನ್‌ಗಳು ಬರುತ್ತವೆ, ಗಾಯಕಿ ಇನ್ನೊಮ್ಮೆ ಚೆಂದ ಮಾಡಿ ಹಾಡುತ್ತಾಳೆ. ಇಲ್ಲಿ ಅದ್ಯಾವುದೂ ಬರಲಿಲ್ಲ. 2011ರ ಜನವರಿಯಲ್ಲಿ ‘21’ ಎಂಬ ಆಲ್ಬಂನಲ್ಲಿ ಹೊರಬಂದದ್ದು ಆ ಎರಡು ದಿನದ ಪಿಯಾನೊ, ಆ ಎರಡು ದಿನದ ಗಂಟಲು.

ಅದನ್ನು ಹಾಗೆಯೇ ಬಿಟ್ಟದ್ದು ಸರಿಯಾಯ್ತು ಅಂತ ನನ್ನ ಗಟ್ಟಿ ಅಭಿಪ್ರಾಯ. ಕಾರಣ ನಿಮ್ಮ ಊರಿನ ಕಡೆಯೇ ಸಿಕ್ಕಿದ್ದು.

ತುಂಬ ವರ್ಷಗಳ ಹಿಂದೆ ಬಾರ್ಕೂರು ಹತ್ತಿರ ಕೊಯ್ಲು ಮುಗಿದ ಗದ್ದೆಯಲ್ಲಿ ಯಕ್ಷಗಾನದ ಆಟ ನೋಡಿದ್ದೆ. ಹರಿಶ್ಚಂದ್ರನ ಕತೆ. ಬೆಳಗಿನ ಜಾವ ಚಂದ್ರಮತಿ ಮಗನ ಹೆಣ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಅಲ್ಲಿವರೆಗೆ ಕಿವಿ ಕಿತ್ತುಹೋಗುವ ಹಾಗೆ ಬಾರಿಸುತ್ತಿದ್ದ ಚೆಂಡೆಯವರು ಕೋಲು ಕೆಳಗಿಟ್ಟು ಸುಮ್ನೆ ಕೂತರು. ಮದ್ದಳೆ ಮೆಲ್ಲ ಮೆಲ್ಲ, ಹಾರ್ಮೋನಿಯಂ ಶ್ರುತಿ, ಭಾಗವತರ ಸ್ವರ, ಇಷ್ಟೇ. ಗದ್ದೆಯ ಬದುವಿನಲ್ಲಿ ಚರುಮುರಿ ಮಾರುವವನೊಬ್ಬ ಇದ್ದ. ರಾತ್ರಿಯಿಡೀ ಅವನ ಡಬ್ಬದಲ್ಲಿ ಚಮಚ ಆಡುವ ಸದ್ದು ಕೇಳುತ್ತಲೇ ಇತ್ತು. ಆ ಪದ್ಯಕ್ಕೆ ಅದೂ ನಿಂತಿತು. ತಿರುಗಿ ನೋಡಿದರೆ ಅವನು ಚಮಚ ಹಿಡಿದ ಕೈ ಡಬ್ಬದಲ್ಲೇ ಬಿಟ್ಟು ರಂಗಸ್ಥಳ ನೋಡುತ್ತಾ ನಿಂತಿದ್ದ. ಕರುಣ ರಸದ ಪದ್ಯಕ್ಕೆ ಚೆಂಡೆ ಯಾಕೆ ಬೇಡ ಅಂತ ನಿಮಗೆ ನಾನು ಹೇಳಬೇಕಾ, ಮಾಸ್ಟ್ರೇ? ಮೇಳದಲ್ಲಿ ಚೆಂಡೆ ಇಲ್ಲದ್ದಕ್ಕೆ ಅಲ್ಲ, ಇದ್ದೂ ಸುಮ್ಮನಿದ್ದದ್ದಕ್ಕೆ ಆ ಪದ್ಯ ನನ್ನೊಳಗೆ ಇನ್ನೂ ಉಳಿದಿದೆ.

ಇನ್ನು ತಾಳದ ಮಾತು. ತಾಳ ಇದೆ. ಪಿಯಾನೊದ ಬಲಗೈಯಲ್ಲಿದೆ. ಒಂದು ಎಣಿಕೆಗೆ ನಾಲ್ಕು ಸ್ವರ, ನಾಲ್ಕು ಎಣಿಕೆಗೆ ಒಂದು ಸುತ್ತು, ನಮ್ಮ ಚತುರಶ್ರದ ಲೆಕ್ಕವೇ. ನಿಧಾನ ಕಾಲದಲ್ಲಿ, ತೊಟ್ಟಿಲು ತೂಗಿದ ಹಾಗೆ ಬರುತ್ತಾ ಇರುತ್ತದೆ. ಅದರ ಮೇಲೆ ಆಕೆ ಮೊದಲು ಹಾಡುವುದೇ ಇಲ್ಲ, ತಗ್ಗಿದ ಸ್ವರದಲ್ಲಿ ಮಾತಾಡುತ್ತಾಳೆ. ಬಿಟ್ಟುಹೋದ ಹುಡುಗನಿಗೆ ಮದುವೆ ಆಗಿದೆ ಅಂತ ಕೇಳಿ, ಕರೆಯದೆ ಅವನ ಮನೆ ಬಾಗಿಲಿಗೆ ಬಂದವಳ ಮಾತು. ಪಲ್ಲವಿಗೆ ಬಂದಾಗ ಸ್ವರ ಒಮ್ಮೆಲೇ ಮೇಲೆ ಹತ್ತುತ್ತದೆ. ಬಾಯಲ್ಲಿ ಅವನಿಗೆ ಒಳ್ಳೆಯದಾಗಲಿ ಅನ್ನುತ್ತಾಳೆ, ಗಂಟಲು ಬೇರೇನೋ ಹೇಳುತ್ತದೆ. ಆ ಜಾಗದಲ್ಲಿ ಹತ್ತು ವಯಲಿನ್ ಇಟ್ಟಿದ್ದರೆ ನಮಗೆ ಗಂಟಲು ಕೇಳಿಸುತ್ತಿರಲಿಲ್ಲ.

ಕಣ್ಣೀರಿನ ವಿಷಯದಲ್ಲಿ ನೀವು ಹೇಳಿದ್ದರಲ್ಲಿ ಸ್ವಲ್ಪ ಸತ್ಯ ಇದೆ, ಒಪ್ಪುತ್ತೇನೆ. 2011ರ ಫೆಬ್ರವರಿ 15ರಂದು ಲಂಡನ್ನಿನ ಬ್ರಿಟ್ ಪ್ರಶಸ್ತಿ ಸಮಾರಂಭದಲ್ಲಿ ಆಕೆ ಒಬ್ಬ ಪಿಯಾನೊದವರನ್ನು ಮಾತ್ರ ಜೊತೆಗಿಟ್ಟುಕೊಂಡು ಇದನ್ನು ಹಾಡಿದರು. ಕೊನೆಯಲ್ಲಿ ಅಳು ತಡೆಯಲಾಗದೆ ಮುಖ ತಿರುಗಿಸಿದರು. ಆಗ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 47ನೇ ಜಾಗದಲ್ಲಿದ್ದ ಹಾಡು ಸೀದಾ 1ಕ್ಕೆ ಹೋಯಿತು. ಅಮೆರಿಕದಲ್ಲೂ ಅದೇ ಕತೆ: ಆಗಸ್ಟ್ ಕೊನೆಗೆ ಎಂಟಿವಿಯ ಸಮಾರಂಭದಲ್ಲಿ ಹಾಡಿದ ಮೇಲೆ 19ರಿಂದ 1. ಬರೀ ಪಿಯಾನೊ ಮತ್ತು ಕಂಠ ಇರುವ ಹಾಡು ಅಲ್ಲಿನ ಬಿಲ್‌ಬೋರ್ಡ್ ಪಟ್ಟಿಯ ತುದಿ ಮುಟ್ಟಿದ್ದು ಅದೇ ಮೊದಲು. ಮುಂದಿನ ವರ್ಷ ಅಮೆರಿಕದ ಗ್ರ್ಯಾಮಿ ಸಂಗೀತ ಪ್ರಶಸ್ತಿಯೂ ಬಂತು. ಹಾಗಾದರೆ ಟಿವಿ ಗೆಲ್ಲಿಸಿತಾ? ಟಿವಿ ಜನರನ್ನು ಬಾಗಿಲವರೆಗೆ ಕರೆದು ತಂದಿತು ಅನ್ನಿ. ಅಳುವವರನ್ನು ಟಿವಿಯಲ್ಲಿ ನಾವು ದಿನಾ ನೋಡುತ್ತೇವೆ ಅಲ್ವಾ, ಎಷ್ಟು ಜನರನ್ನು ಮರುದಿನ ಹುಡುಕಿಕೊಂಡು ಹೋಗುತ್ತೇವೆ?

2012ರಲ್ಲಿ ಅಮೆರಿಕದ ಪತ್ರಿಕೆಯೊಂದು ಈ ಹಾಡು ಯಾಕೆ ಅಳಿಸುತ್ತದೆ ಅಂತ ಲೆಕ್ಕ ಹಾಕಲು ಹೊರಟಿತ್ತು. ಸ್ವರಕ್ಕೆ ಒರಗಿಕೊಂಡು ಬಂದು, ಒಂದು ಕ್ಷಣ ಮುಳ್ಳಿನ ಹಾಗೆ ಚುಚ್ಚಿ ಆಮೇಲೆ ಸರಿಹೋಗುವ ಒಂದು ಅಲಂಕಾರವೇ ಕಾರಣ ಎಂದಿತು. ನಮ್ಮ ಗಮಕ ಬಲ್ಲವರಿಗೆ ಇದು ಹೊಸದೇನಲ್ಲ. ನನಗೆ ಆ ವಿವರಣೆ ಸಾಲದು. ಅದೇ ಅಲಂಕಾರ ಇರುವ ಹಾಡುಗಳು ಬೇಕಾದಷ್ಟಿವೆ, ಒಣಗಿದ ಕಣ್ಣಲ್ಲೇ ಕೇಳಿ ಮುಗಿಸುತ್ತೇವೆ.

ಈ ಪರದೇಶದ ಹಾಡಿಗೆ ಎರಡು ಪುಟ ಯಾಕೆ ಅಂತ ಕೊನೆಯಲ್ಲಿ ಕೇಳಿದ್ದೀರಲ್ಲ, ಅದಕ್ಕೂ ಉತ್ತರ ಕೊಡುತ್ತೇನೆ. ಮಂಗಳೂರಿನ ನಮ್ಮ ಆಫೀಸಿಗೆ ತುಳು, ಕೊಂಕಣಿ ಹಾಡು ಮಾಡುವ ಹುಡುಗರು ಬರುತ್ತಾರೆ. ಪೆನ್‌ಡ್ರೈವ್‌ನಲ್ಲಿ ತಂದ ಹಾಡು ಕೇಳಿದರೆ ಸ್ವರ ಎಲ್ಲಿ ಅಂತ ಹುಡುಕಬೇಕು, ಅಷ್ಟು ವಾದ್ಯ. ಮೊನ್ನೆ ಒಬ್ಬನ ಹತ್ತಿರ, ಇದು ಮೊದಲು ಹೊಳೆದಾಗ ಹಾಡಿಕೊಂಡದ್ದು ಇದೆಯಾ ಅಂತ ಕೇಳಿದೆ. ನಾಚಿಕೊಂಡು ಫೋನ್ ತೆಗೆದ. ಹಿಂದೆ ಮಿಕ್ಸಿ ಸದ್ದು, ಯಾರೋ ಅವನನ್ನು ಊಟಕ್ಕೆ ಕರೆಯುವುದು, ನಡುವೆ ಅವನ ಸ್ವರ. ಎಷ್ಟು ಚೆಂದ ಇತ್ತು ಗೊತ್ತುಂಟಾ! ಅಂಥ ಹುಡುಗರು ಓದಲಿ ಅಂತಲೇ ಆ ಎರಡು ಪುಟ ಬರೆದದ್ದು.

ಮೊಮ್ಮಗಳು ಮುಂದಿನ ಸಲ ಬಂದಾಗ ಅವಳ ಇಯರ್‌ಫೋನ್ ಕೇಳಿ ತಗೊಳ್ಳಿ. ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಕೂತು, ಕೈಯಲ್ಲಿ ತಾಳ ಹಾಕುತ್ತಾ ಒಮ್ಮೆ ಕೇಳಿ. ಆಮೇಲೂ ಹಿಡಿಸದಿದ್ದರೆ ಇನ್ನೊಂದು ಪತ್ರ ಬರೆಯಿರಿ, ಅದನ್ನೂ ಪೂರ್ತಿ ಓದುತ್ತೇನೆ.

– ಸಂ.