ಓದುಗರ ಪ್ರಶ್ನೆ, ನಮ್ಮ ಉತ್ತರ: ಸಿಲೋನಿನ ಗವರ್ನರ್‌ಗಿರಿ

ಬ್ರಿಟಿಷರ ಕಾಲದ ಸಿಲೋನನ್ನು, ಅಂದರೆ ಇಂದಿನ ಶ್ರೀಲಂಕಾವನ್ನು, ಆಳಿದ ಗವರ್ನರ್‌ಗಳ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಆರಿಸಿಕೊಂಡಿದ್ದೇವೆ.

ರಾಮೇಶ್ವರದಿಂದ ಕೂಗಳತೆಯಲ್ಲಿರುವ ಸಿಲೋನು ಬ್ರಿಟಿಷ್ ಇಂಡಿಯಾಕ್ಕೆ ಯಾಕೆ ಸೇರಲಿಲ್ಲ? ಅಲ್ಲಿನ ಗವರ್ನರ್ ಕೂಡ ಮದ್ರಾಸಿನ ಗವರ್ನರ್ ಹಾಗೆ ಕಲ್ಕತ್ತೆಯ ಮಾತು ಕೇಳಬೇಕಿತ್ತಲ್ಲವೇ?
— ಓದುಗರು, ಸಾಗರ

ಕೇಳಬೇಕಿತ್ತು, ಆದರೆ ಮೊದಲ ಕೆಲವೇ ವರ್ಷ. 1796ರ ಫೆಬ್ರುವರಿಯಲ್ಲಿ ಡಚ್ಚರಿಂದ ಕೊಲಂಬೊ ಕೋಟೆಯನ್ನು ಕಿತ್ತುಕೊಂಡದ್ದು ಮದ್ರಾಸಿನಿಂದ ಹೋದ ದಂಡು. ಹಾಗಾಗಿ ಕರಾವಳಿಯ ಆಡಳಿತವೂ ಕಂಪನಿಯ ಮದ್ರಾಸ್ ಸರ್ಕಾರದ ಪಾಲಾಯಿತು. (ಬೆಟ್ಟಸೀಮೆಯ ಕ್ಯಾಂಡಿ ರಾಜ್ಯ 1815ರವರೆಗೂ ಸ್ವತಂತ್ರವಾಗಿತ್ತು.) ಮದ್ರಾಸಿನ ಅಧಿಕಾರಿ ರಾಬರ್ಟ್ ಆಂಡ್ರೂಸ್ ತನ್ನ ಕಡೆಯ ಅಮಲ್ದಾರರನ್ನೂ ದುಭಾಷಿಗಳನ್ನೂ ಕರೆತಂದು ಕಂದಾಯ ವಸೂಲಿಗೆ ಕೂರಿಸಿದ. ಊರಿನ ಹಳೆಯ ಮುಖಂಡರಾದ ಮುದಲಿಯಾರ್‌ಗಳು ಮೂಲೆಗೆ ಬಿದ್ದರು. ಅದರ ಮೇಲೆ ತೆಂಗಿನ ಮರಕ್ಕೂ ತೆರಿಗೆ ಬಿತ್ತು. 1797ರಲ್ಲಿ ಜನ ದಂಗೆ ಎದ್ದರು.

ಕಂಪನಿಯ ಕೈಗೆ ದ್ವೀಪ ಕೊಟ್ಟರೆ ಉಳಿಯುವುದಿಲ್ಲ ಎಂಬುದು ಲಂಡನ್ನಿಗೆ ಮನವರಿಕೆಯಾಯಿತು. ತ್ರಿಂಕೋಮಲಿಯಂಥ ಬಂದರು ನೌಕಾಪಡೆಗೆ ಬೇಕೇ ಬೇಕಿತ್ತು ಎಂಬುದು ಅಷ್ಟೇ ದೊಡ್ಡ ಕಾರಣ. 1798ರ ಅಕ್ಟೋಬರಿನಲ್ಲಿ ಫ್ರೆಡರಿಕ್ ನಾರ್ತ್ ಮೊದಲ ಗವರ್ನರ್ ಆಗಿ ಬಂದ. ನೇಮಿಸಿದ್ದು ರಾಜ, ಹಿಡಿತ ಮಾತ್ರ ಕಲ್ಕತ್ತೆಯ ಗವರ್ನರ್ ಜನರಲ್‌ನದು. ಇಬ್ಬರು ಯಜಮಾನರ ಈ ಏರ್ಪಾಡು ಮೂರು ವರ್ಷ ಕುಂಟುತ್ತ ನಡೆಯಿತು. 1802ರ ಜನವರಿ 1ರಿಂದ ಸಿಲೋನು ನೇರವಾಗಿ ರಾಜನ ವಸಾಹತು. ಅಲ್ಲಿಂದ ಮುಂದೆ ಕೊಲಂಬೊದ ಕಾಗದಪತ್ರಗಳು ಕಲ್ಕತ್ತೆ ಮುಟ್ಟದೆ ಲಂಡನ್ನಿಗೇ ಹೋಗುತ್ತಿದ್ದವು.

ಗವರ್ನರ್ ಅಂದರೆ ಆಡಿದ್ದೇ ಕಾನೂನು ಎಂಬ ಮಾತು ಎಷ್ಟು ನಿಜ? ಒಂದು ಕಾನೂನು ಅಲ್ಲಿ ಹೇಗೆ ಹುಟ್ಟುತ್ತಿತ್ತು?
— ಕಾನೂನು ವಿದ್ಯಾರ್ಥಿನಿ, ಧಾರವಾಡ

1833ರ ಹಿಂದೆ ಹೆಚ್ಚುಕಡಿಮೆ ನಿಜ. ಸಲಹೆ ಕೊಡಲು ಒಂದು ಮಂಡಳಿ ಇತ್ತು. ಅದರ ಸದಸ್ಯರು ಗವರ್ನರ್‌ನ ಕೈಕೆಳಗಿನ ಅಧಿಕಾರಿಗಳೇ ಆದ್ದರಿಂದ ಎದುರಾಡುವವರು ಯಾರು? ಕೋಲ್‌ಬ್ರೂಕ್ ಮತ್ತು ಕ್ಯಾಮೆರಾನ್ ಎಂಬ ಇಬ್ಬರು ವಿಚಾರಣಾಧಿಕಾರಿಗಳು ಬಂದು ಹೋದ ಮೇಲೆ, 1833ರಲ್ಲಿ ಎರಡು ಕೌನ್ಸಿಲ್‌ಗಳು ಹುಟ್ಟಿದವು. ಎಕ್ಸಿಕ್ಯುಟಿವ್ ಕೌನ್ಸಿಲ್‌ನಲ್ಲಿ ಹಿರಿಯ ಅಧಿಕಾರಿಗಳು ಮಾತ್ರ. ಲೆಜಿಸ್ಲೇಟಿವ್ ಕೌನ್ಸಿಲ್‌ನಲ್ಲಿ 9 ಅಧಿಕಾರಿಗಳು, 6 ಖಾಸಗಿ ಸದಸ್ಯರು: ಮೂವರು ಯೂರೋಪಿಯನ್ನರು, ಸಿಂಹಳೀಯ, ತಮಿಳ, ಬರ್ಗರ್ (ಡಚ್ಚರು ಮೊದಲಾದ ಯೂರೋಪಿಯನ್ನರ ಸ್ಥಳೀಯ ಸಂತತಿ) ತಲಾ ಒಬ್ಬರು. ಆರನ್ನೂ ಆರಿಸುತ್ತಿದ್ದವನು ಗವರ್ನರ್. ಚುನಾವಣೆಯ ಮಾತೇ ಇಲ್ಲ.

ಕಾನೂನಿನ ಕರಡನ್ನು ಸರ್ಕಾರಿ ವಕೀಲ (ಹುದ್ದೆಯ ಹೆಸರು ಕ್ವೀನ್ಸ್ ಅಡ್ವೊಕೇಟ್, ಮುಂದೆ ಅಟಾರ್ನಿ ಜನರಲ್) ಬರೆಯುತ್ತಿದ್ದ. ಅದು ಎಕ್ಸಿಕ್ಯುಟಿವ್ ಕೌನ್ಸಿಲ್ ಮುಂದೆ ಬಂದು, ಗೆಜೆಟ್‌ನಲ್ಲಿ ಅಚ್ಚಾಗಿ, ಲೆಜಿಸ್ಲೇಟಿವ್ ಕೌನ್ಸಿಲ್‌ನಲ್ಲಿ ಮೂರು ವಾಚನ ಮುಗಿಸಬೇಕು. ಅಧ್ಯಕ್ಷ ಪೀಠದಲ್ಲಿ ಗವರ್ನರ್ ತಾನೇ ಕೂತಿರುತ್ತಿದ್ದ. ಅಧಿಕಾರಿ ಸದಸ್ಯರು ಸರ್ಕಾರದ ಕಡೆಗೇ ಕೈ ಎತ್ತಬೇಕೆಂಬುದು ಕಟ್ಟಪ್ಪಣೆ. ಹಾಗಾಗಿ ಮತ ಎಣಿಸುವ ಮೊದಲೇ ಫಲಿತಾಂಶ ಗೊತ್ತು. ಕೊನೆಗೆ ಗವರ್ನರ್ ಅಂಕಿತ ಹಾಕಿದರೆ ಅದು 'ಆರ್ಡಿನೆನ್ಸ್'.

ಈ ಪದದ ಬಳಿ ಎಚ್ಚರ ಬೇಕು. ಅನುವಾದಗಳಲ್ಲಿ ಇದನ್ನು ಕಣ್ಣುಮುಚ್ಚಿ 'ಸುಗ್ರೀವಾಜ್ಞೆ' ಎಂದು ಬರೆಯುವವರಿದ್ದಾರೆ. ನಮ್ಮಲ್ಲಿ ಸುಗ್ರೀವಾಜ್ಞೆ ಎಂದರೆ ಸದನ ಕೂಡದಿದ್ದಾಗ ಹೊರಡುವ ತಾತ್ಕಾಲಿಕ ಕಾನೂನು. ಸಿಲೋನಿನ ಆರ್ಡಿನೆನ್ಸ್ ಸದನದಲ್ಲೇ ಪಾಸಾದ, ಕಾಯಂ ಆದ, ನಮ್ಮ ಆ್ಯಕ್ಟ್‌ಗೆ ಸಮನಾದ ಕಾನೂನು. 'ಶಾಸನ' ಎಂದರೆ ಸರಿಹೋಗುತ್ತದೆ.

ಇಷ್ಟೆಲ್ಲ ಇದ್ದರೂ ಮೂಗುದಾರ ಲಂಡನ್ನಿನಲ್ಲಿತ್ತು. ಗವರ್ನರ್ ಅಂಕಿತ ಹಾಕಿದ ಕಾನೂನನ್ನೂ ರಾಣಿಯ ಹೆಸರಿನಲ್ಲಿ ಅಲ್ಲಿ ರದ್ದು ಮಾಡಬಹುದಿತ್ತು. ಎಕ್ಸಿಕ್ಯುಟಿವ್ ಕೌನ್ಸಿಲ್‌ನ ಸಲಹೆ ಮೀರಿ ನಡೆಯಲು ಗವರ್ನರ್‌ಗೆ ಅವಕಾಶವಿತ್ತು, ಆದರೆ ಯಾಕೆ ಮೀರಿದೆ ಎಂದು ಬರೆದು ಕಳಿಸಬೇಕು. ಹಡಗುಗಳು ಆಫ್ರಿಕಾದ ತುದಿ ಸುತ್ತಿ ಬರುತ್ತಿದ್ದ ಕಾಲದಲ್ಲಿ ಕಾಗದ ಹೋಗಿ ಉತ್ತರ ಬರಲು ವರ್ಷದ ಹತ್ತಿರ ಹಿಡಿಯುತ್ತಿತ್ತು. ಅಷ್ಟರಲ್ಲಿ ಆಗುವುದೆಲ್ಲ ಆಗಿ ಹೋಗಿರುತ್ತಿತ್ತು. 1870ರಲ್ಲಿ ಸೂಯೆಜ್‌ನಿಂದ ಬೊಂಬಾಯಿಗೆ ಸಮುದ್ರದೊಳಗೆ ತಂತಿ ಬಿದ್ದ ಮೇಲೆ ಆ ಸಡಿಲ ಹೋಯಿತು. 'ಮಾಡಿ ಆಮೇಲೆ ಹೇಳೋಣ' ಎನ್ನುವ ಗವರ್ನರ್‌ಗಳ ಕಾಲ ಅಲ್ಲಿಗೆ ಮುಗಿಯಿತು ಎನ್ನಬೇಕು.

ಖಾಸಗಿ ಸದಸ್ಯರ ಕೈಯಲ್ಲಿ ಇದ್ದ ಅಸ್ತ್ರ ಒಂದೇ, ಎದ್ದು ಹೋಗುವುದು. ಸೈನ್ಯದ ಖರ್ಚನ್ನು ದ್ವೀಪದ ಮೇಲೆ ಹೊರಿಸಿದಾಗ, 1864ರಲ್ಲಿ, ಅವರು ರಾಜೀನಾಮೆ ಕೊಟ್ಟು ಹೊರನಡೆದರು.

'ಕಲೋನಿಯಲ್ ಸೆಕ್ರೆಟರಿ' ಎಂದು ಓದುವಾಗ ಒಮ್ಮೆ ಲಂಡನ್ನಿನ ಮಂತ್ರಿ, ಒಮ್ಮೆ ಕೊಲಂಬೊದ ಅಧಿಕಾರಿ. ಯಾವುದು ಸರಿ?
— ಓದುಗರು, ಕಾಸರಗೋಡು

ಎರಡೂ. ಲಂಡನ್ನಿನವನು ವಸಾಹತುಗಳ ಮಂತ್ರಿ, ಗವರ್ನರ್‌ನ ಮೇಲಿನವನು. ಕೊಲಂಬೊದವನು ಗವರ್ನರ್‌ನ ಕೆಳಗೆ ಇಡೀ ಸೆಕ್ರೆಟೇರಿಯೆಟ್ ನಡೆಸುತ್ತಿದ್ದ, ನಮ್ಮ ಮುಖ್ಯ ಕಾರ್ಯದರ್ಶಿಯಂಥ ಅಧಿಕಾರಿ. ವಾಕ್ಯದಲ್ಲಿ ಅವನು ಆಜ್ಞೆ ಕೊಡುತ್ತಿದ್ದಾನೋ ಪಡೆಯುತ್ತಿದ್ದಾನೋ ನೋಡಿದರೆ ಗೊತ್ತಾಗುತ್ತದೆ.

ನಾಯಿಗೆ ತೆರಿಗೆ ಹಾಕಿದ್ದಕ್ಕೆ ದಂಗೆಯಾಗಿ ಗವರ್ನರ್ ಕೆಲಸವೇ ಹೋಯಿತಂತೆ, ಹೌದೇ?
— ನಿವೃತ್ತ ಶಿಕ್ಷಕರು, ತಿಪಟೂರು

ನಾಯಿಯೊಂದರಿಂದಲೇ ಅಲ್ಲ. ಅದು 1848, ಗವರ್ನರ್ ಲಾರ್ಡ್ ಟಾರಿಂಗ್ಟನ್. ವಯಸ್ಸು ಮೂವತ್ತೈದರ ಆಸುಪಾಸು, ವಸಾಹತು ಆಳಿದ ಅನುಭವ ಸೊನ್ನೆ, ಪ್ರಧಾನಿ ಜಾನ್ ರಸೆಲ್‌ಗೆ ಸಂಬಂಧಿ. ಅವನು ಬರುವ ಹೊತ್ತಿಗೆ ಕಾಫಿ ಬೆಲೆ ನೆಲಕಚ್ಚಿ ಖಜಾನೆ ಬರಿದಾಗಿತ್ತು. ತುಂಬಿಸಲು ಒಂದೇ ವರ್ಷದಲ್ಲಿ ಸಾಲುಸಾಲು ತೆರಿಗೆ ಹಾಕಿದ: ಬಂದೂಕಿನ ಲೈಸೆನ್ಸಿಗೆ ವರ್ಷಕ್ಕೆ ಎರಡೂವರೆ ಶಿಲಿಂಗ್, ನಾಯಿಗೆ 1 ಶಿಲಿಂಗ್, ಅಂಗಡಿಗೆ 1 ಪೌಂಡ್. ಇದರ ಜೊತೆಗೆ ರಸ್ತೆ ಶಾಸನ. ವಯಸ್ಸಿಗೆ ಬಂದ ಪ್ರತಿ ಗಂಡಸೂ ವರ್ಷಕ್ಕೆ 6 ದಿನ ರಸ್ತೆ ಕೆಲಸ ಮಾಡಬೇಕು, ಇಲ್ಲವೇ 3 ಶಿಲಿಂಗ್ ಕಟ್ಟಬೇಕು.

ಲಂಡನ್ನಿನ ಮೇಜಿನ ಮೇಲೆ ಇವೆಲ್ಲ ಪುಡಿಗಾಸು. ಕ್ಯಾಂಡಿಯ ರೈತನ ಲೆಕ್ಕ ಬೇರೆ. ಅವನಿಗೆ ಬಂದೂಕು ಶೋಕಿಯಲ್ಲ. ಕಾಡು ಸವರಿ ಬಿತ್ತಿದ ಹೊಲಕ್ಕೆ ರಾತ್ರಿ ಹಂದಿ ನುಗ್ಗಿದರೆ ಓಡಿಸುವ ಸಾಧನ. ನಾಯಿಯೂ ಅದಕ್ಕೇ. ಮಲೆನಾಡಿನಲ್ಲಿ ಗದ್ದೆ ಕಾಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನು ರಸ್ತೆ ಕೆಲಸ: 'ರಾಜಕಾರಿಯ' ಎಂಬ ಬಿಟ್ಟಿ ಚಾಕರಿಯನ್ನು ತೆಗೆದು ಇನ್ನೂ ಎರಡು ದಶಕ ಕಳೆದಿರಲಿಲ್ಲ, ಅದೇ ಬೇರೆ ಹೆಸರಲ್ಲಿ ಹಿಂದಕ್ಕೆ ಬಂತು ಎಂದು ಜನ ತಿಳಿದರು. ತಪ್ಪು ತಿಳಿದರು ಎನ್ನಲು ನಮಗಂತೂ ಬಾಯಿ ಬಾರದು. ಸನ್ಯಾಸಿಗಳಾದ ಭಿಕ್ಷುಗಳಿಗೂ ಅದು ಅನ್ವಯಿಸುತ್ತದೆ ಎಂದಾಗ ಮಠಗಳೂ ತಿರುಗಿ ಬಿದ್ದವು.

ಜುಲೈ ಕೊನೆಯಲ್ಲಿ ದಂಬುಳ್ಳದಲ್ಲಿ ಗೊಂಗಾಲೆಗೊಡ ಬಂಡಾ ಎಂಬವನಿಗೆ ರಾಜನೆಂದು ಪಟ್ಟ ಕಟ್ಟಿದರು. ಮಾತಲೆ, ಕುರುನೇಗಲದಲ್ಲಿ ಸರ್ಕಾರಿ ಕಚೇರಿಗಳ ಮೇಲೆ ದಾಳಿಯಾಯಿತು. ಕೆಲವೇ ದಿನಗಳಲ್ಲಿ ಎಲ್ಲ ಅಡಗಿತು. ಟಾರಿಂಗ್ಟನ್ ಎಡವಿದ್ದು ಇಲ್ಲಿ. ದಂಗೆ ಅಡಗಿದ ಮೇಲೂ ಮಾರ್ಷಲ್ ಲಾ ಅನ್ನು, ಅಂದರೆ ಸೈನಿಕ ಆಡಳಿತವನ್ನು, ಅಕ್ಟೋಬರ್‌ವರೆಗೆ ಎಳೆದ. ಮುಖಂಡ ಪುರನ್ ಅಪ್ಪುವನ್ನು ಆಗಸ್ಟ್ 8ರಂದು ಗುಂಡಿಟ್ಟು ಕೊಂದರು. ಒಬ್ಬ ಭಿಕ್ಷುವನ್ನು ಕಾವಿಯಲ್ಲೇ ನಿಲ್ಲಿಸಿ ಗುಂಡಿಕ್ಕಿದರು. ಸಿವಿಲ್ ಕೋರ್ಟು ತೆರೆದಿರುವಾಗ ಸೈನಿಕ ಕೋರ್ಟಿನಲ್ಲಿ ಮರಣದಂಡನೆ ಯಾಕೆ ಎಂಬ ಪ್ರಶ್ನೆ ಬ್ರಿಟಿಷ್ ಪಾರ್ಲಿಮೆಂಟಿಗೆ ಹೋಯಿತು. ವಿಚಾರಣಾ ಸಮಿತಿಯ ಮುಂದೆ ಕೊಲಂಬೊದ ಅಧಿಕಾರಿಗಳೇ ಒಬ್ಬರ ಮೇಲೊಬ್ಬರು ಹೇಳಿಕೊಂಡರು. 1850ರಲ್ಲಿ ಅವನನ್ನು ವಾಪಸು ಕರೆಸಿಕೊಂಡರು. ರಸ್ತೆ ತೆರಿಗೆ ಮಾತ್ರ ಇಪ್ಪತ್ತನೇ ಶತಮಾನದವರೆಗೂ ಉಳಿಯಿತು.

1915ರಲ್ಲೂ ಹೆಚ್ಚುಕಡಿಮೆ ಇದೇ ಕಥೆ: ಸಿಂಹಳೀಯ–ಮುಸ್ಲಿಂ ಗಲಭೆ, ಮಾರ್ಷಲ್ ಲಾ, ಅತಿಯಾದ ಶಿಕ್ಷೆ, ಗವರ್ನರ್ ರಾಬರ್ಟ್ ಚಾಮರ್ಸ್ ವಾಪಸು. ಈ ಚಾಮರ್ಸ್ ಪಾಳಿ ಪಂಡಿತ, ಬೌದ್ಧ ಗ್ರಂಥಗಳನ್ನು ಇಂಗ್ಲಿಷಿಗೆ ತಂದವನು. ಬೌದ್ಧರ ನಾಡನ್ನು ಆಳುವಾಗ ಆ ಪಾಂಡಿತ್ಯ ನೆರವಿಗೆ ಬರಲಿಲ್ಲ.

ಗವರ್ನರ್ ಆಜ್ಞೆಯನ್ನು ಅಲ್ಲಿನ ಕೋರ್ಟು ಎಂದಾದರೂ ತಳ್ಳಿಹಾಕಿತ್ತೇ?
— ವಕೀಲರು, ಮೈಸೂರು

1937ರಲ್ಲಿ ಹಾಕಿತು. ಆಸ್ಟ್ರೇಲಿಯದಿಂದ ಬಂದು ಚಹಾ ತೋಟದಲ್ಲಿ ಕೆಲಸ ಕಲಿಯುತ್ತಿದ್ದ ಬ್ರೇಸ್‌ಗರ್ಡಲ್ ಎಂಬ ಬಿಳಿಯ ಯುವಕ ಎಡಪಂಥೀಯ ಸಮಸಮಾಜ ಪಕ್ಷ ಸೇರಿ, ತೋಟದ ತಮಿಳು ಕೂಲಿಗಳ ಪರ ಭಾಷಣ ಶುರು ಮಾಡಿದ. ಗವರ್ನರ್ ರೆಜಿನಾಲ್ಡ್ ಸ್ಟಬ್ಸ್‌ನ ಆಜ್ಞೆ ಏಪ್ರಿಲ್ 22ರಂದು ಅವನ ಕೈ ಸೇರಿತು: 24ರ ಸಂಜೆ 6 ಗಂಟೆಯೊಳಗೆ ದ್ವೀಪ ಬಿಡಬೇಕು. ಅವನು ಹಡಗು ಹತ್ತಲಿಲ್ಲ. ತಲೆಮರೆಸಿಕೊಂಡಿದ್ದು, ಮೇ 5ರಂದು ಕೊಲಂಬೊದ ಗಾಲ್ ಫೇಸ್ ಮೈದಾನದ ಸಭೆಯಲ್ಲಿ ವೇದಿಕೆ ಏರಿದ!

ಬಂಧನವಾದ ಮೇಲೆ ಬಂಧನ ಕಾನೂನುಬದ್ಧವೇ ಎಂದು ಕೇಳುವ ಹೇಬಿಯಸ್ ಕಾರ್ಪಸ್ ಅರ್ಜಿ ಸುಪ್ರೀಂ ಕೋರ್ಟಿಗೆ ಹೋಯಿತು. ಸ್ಟಬ್ಸ್ ಆಧಾರವಾಗಿ ಹಿಡಿದದ್ದು 1896ರ ಒಂದು ಆರ್ಡರ್ ಇನ್ ಕೌನ್ಸಿಲ್, ಅಂದರೆ ಲಂಡನ್ನಿನಲ್ಲಿ ರಾಣಿಯ ಹೆಸರಿನಲ್ಲಿ ಹೊರಟ ಆಜ್ಞೆ. ಅದು ತುರ್ತು ಪರಿಸ್ಥಿತಿಗೆ ಮೀಸಲು, ಶಾಂತಿಯ ಕಾಲದಲ್ಲಿ ಗವರ್ನರ್‌ಗೆ ಇಷ್ಟವಿಲ್ಲದವನನ್ನು ಹೊರಹಾಕಲು ಬರುವುದಿಲ್ಲ ಎಂದು ಮುಖ್ಯ ನ್ಯಾಯಾಧೀಶ ಏಬ್ರಹಾಮ್ಸ್ ಅವರ ಪೀಠ ತೀರ್ಪು ಕೊಟ್ಟಿತು. 1931ರಿಂದಲೇ ಅಲ್ಲಿ 21 ವರ್ಷ ತುಂಬಿದ ಗಂಡಸು ಹೆಂಗಸು ಎಲ್ಲರಿಗೂ ಮತ ಬಂದು, ಲೆಜಿಸ್ಲೇಟಿವ್ ಕೌನ್ಸಿಲ್ ಜಾಗಕ್ಕೆ ಬಂದ ಸ್ಟೇಟ್ ಕೌನ್ಸಿಲ್‌ನ 61 ಸ್ಥಾನಗಳಲ್ಲಿ 50ಕ್ಕೆ ಚುನಾವಣೆ ನಡೆಯುತ್ತಿತ್ತು ಎಂಬುದನ್ನು ಇಲ್ಲಿ ಮರೆಯಬಾರದು. ಆ ಕೌನ್ಸಿಲ್ ಕೂಡ ಗವರ್ನರ್ ನಡೆಯನ್ನು 34–7 ಮತದಿಂದ ಖಂಡಿಸಿತು. ಕೈ ಎತ್ತಿಸಿ ಗೆಲ್ಲುವ ಹಳೆಯ ಬಹುಮತ ಆಗ ಗವರ್ನರ್ ಬಳಿ ಇರಲಿಲ್ಲ.

ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನದಲ್ಲಿ 'ಡಿ ಮ್ಯೂರೋನ್' ದಂಡಿನವರ ಗೋರಿಗಳಿವೆ. ಇದಕ್ಕೂ ಸಿಲೋನಿಗೂ ನಂಟಿದೆಯೇ? ಹಾಗೆಯೇ, ಸಿಲೋನಿನ ಕೊನೆಯ ಗವರ್ನರ್ ಯಾರು?
— ಓದುಗರು, ಮಂಡ್ಯ

ನಂಟಿದೆ. ಅದು ಡಚ್ಚರು ಬಾಡಿಗೆಗೆ ತಂದು ಸಿಲೋನಿನ ಕಾವಲಿಗೆ ಇಟ್ಟಿದ್ದ ಸ್ವಿಸ್ ರೆಜಿಮೆಂಟ್. 1795ರಲ್ಲಿ ಹ್ಯೂ ಕ್ಲೆಗಾರ್ನ್ ಎಂಬ ಸ್ಕಾಟಿಷ್ ಪ್ರಾಧ್ಯಾಪಕ ಅದರ ಒಡೆಯನನ್ನು ಒಲಿಸಿ ಇಡೀ ದಂಡನ್ನು ಬ್ರಿಟಿಷರ ಕಡೆಗೆ ತಿರುಗಿಸಿದ. ನಾಲ್ಕು ವರ್ಷದ ನಂತರ ಅದೇ ದಂಡು ಟಿಪ್ಪುವಿನ ಕೋಟೆಯ ಮುಂದಿತ್ತು. ಕ್ಲೆಗಾರ್ನ್‌ಗೆ ಸಿಕ್ಕ ಇನಾಮು ಸಿಲೋನಿನ ಮೊದಲ ಕಲೋನಿಯಲ್ ಸೆಕ್ರೆಟರಿ ಹುದ್ದೆ. ಗವರ್ನರ್ ನಾರ್ತ್ ಜೊತೆ ಹೊಂದಿಕೆಯಾಗದೆ ಬೇಗನೆ ಬಿಟ್ಟು ಹೋದ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ಕೆಲಸ ಮಾಡಿ, ಮುಂದೆ ಮದ್ರಾಸಿನ ಅರಣ್ಯ ಇಲಾಖೆ ಕಟ್ಟಿದ ಅದೇ ಹೆಸರಿನ ಕ್ಲೆಗಾರ್ನ್ ಇವನ ಮೊಮ್ಮಗ.

ಕೊನೆಯ ಗವರ್ನರ್ ಹೆನ್ರಿ ಮಾಂಕ್-ಮೇಸನ್ ಮೂರ್. 1948ರ ಫೆಬ್ರುವರಿ 4ರಂದು ಸ್ವಾತಂತ್ರ್ಯ ಬಂದಾಗ ಅವನೇ ಮೊದಲ ಗವರ್ನರ್ ಜನರಲ್ ಆದ. ಮನುಷ್ಯ ಅದೇ, ಬಂಗಲೆ ಅದೇ. ಆದರೆ ಅಂದಿನಿಂದ ಪ್ರಧಾನಿ ಡಿ.ಎಸ್. ಸೇನಾನಾಯಕ ಅವರ ಸಲಹೆಯಂತೆ ಸಹಿ ಹಾಕುವುದು ಅವನ ಕೆಲಸ. ಕೊಲಂಬೊ ಕೋಟೆ ಪ್ರದೇಶದ ಆ ಬಂಗಲೆ ಈಗ ರಾಷ್ಟ್ರಪತಿ ಭವನ. ಮುಂದೆ ನಿಂತಿರುವ ಪ್ರತಿಮೆ ಕ್ಯಾಂಡಿ ರಸ್ತೆ ಮಾಡಿಸಿದ ಗವರ್ನರ್ ಎಡ್ವರ್ಡ್ ಬಾರ್ನ್ಸ್‌ನದು. ಕೊಲಂಬೊದಿಂದ ಯಾವ ಊರು ಎಷ್ಟು ದೂರ ಎಂಬ ಲೆಕ್ಕ ಶುರುವಾಗುವುದು ಆ ಪ್ರತಿಮೆಯಿಂದ.