ನೀತಿಸಂಹಿತೆ ಬರೆದಾಯಿತು, ಸಹಿಯೂ ಆಯಿತು. ಜಾರಿಗೆ ತರುವುದು ಹೇಗೆ?

ಕಂಪನಿಗೆ ನೀತಿಸಂಹಿತೆ ಮಾಡಿಸಿದ್ದೀರಿ, ಎಲ್ಲರೂ ಸಹಿ ಹಾಕಿದ್ದಾರೆ, ಆದರೂ ಏನೂ ಬದಲಾಗಿಲ್ಲ, ಮುಖ್ಯಸ್ಥನಾಗಿ ನಾನೇನು ಮಾಡಲಿ ಎಂದು ಕೇಳಿದ್ದೀರಿ. ನಾನು ಹನ್ನೊಂದು ವರ್ಷ ಇಂಟರ್ನಲ್ ಆಡಿಟ್‌ನಲ್ಲಿದ್ದವನು. ಸಂಹಿತೆಯಲ್ಲಿ ಏನು ಬರೆದಿದೆ ಅನ್ನೋದನ್ನು ಸ್ವಲ್ಪ ಪಕ್ಕಕ್ಕಿಡಿ. ಅದರಿಂದ ಯಾರನ್ನು ಬಿಡುತ್ತಿದ್ದೀರಿ, ಅದನ್ನು ಮೊದಲು ನೋಡಿ.

ಅಮೆರಿಕದ ಇಂಧನ ಕಂಪನಿ ಎನ್ರಾನ್ 2000ದಲ್ಲಿ ಉದ್ಯೋಗಿಗಳಿಗೆ ಹಂಚಿದ ಸಂಹಿತೆ 64 ಪುಟ ಇತ್ತು. ಆದರೆ ಹಿಂದಿನ ವರ್ಷವೇ ಅಲ್ಲಿನ ಹಣಕಾಸು ಮುಖ್ಯಸ್ಥ ಆಂಡ್ರ್ಯೂ ಫಾಸ್ಟೋ ತಾವೇ ನಡೆಸುವ ಸಂಸ್ಥೆಗಳ ಜೊತೆ ಕಂಪನಿ ವ್ಯವಹಾರ ಮಾಡಲೆಂದು, ನಿರ್ದೇಶಕ ಮಂಡಳಿ ಅವರಿಗಾಗಿ ನಿಯಮ ಸಡಿಲಿಸಿತ್ತು. 2001ರ ಡಿಸೆಂಬರ್‌ನಲ್ಲಿ ಎನ್ರಾನ್ ದಿವಾಳಿ ಅರ್ಜಿ ಹಾಕಿತು.

ನಾನೂ ಇದನ್ನು ಸಣ್ಣ ಅಳತೆಯಲ್ಲಿ ಕಂಡಿದ್ದೇನೆ. ನಾನಿದ್ದ ಒಂದು ಕಂಪನಿಯಲ್ಲಿ ಎಲ್ಲರಿಗಿಂತ ಜಾಸ್ತಿ ಆರ್ಡರ್ ತರುತ್ತಿದ್ದವರು ಸುಳ್ಳು ಬಿಲ್ ಹಾಕುತ್ತಿದ್ದರು. ದಾಖಲೆ ಸಮೇತ ವರದಿ ಕೊಟ್ಟೆ. "ಈ ಕ್ವಾರ್ಟರ್ ಮುಗಿಯಲಿ" ಎಂದರು ಮೇಲಿನವರು. ಅದೇ ತಿಂಗಳು ಗೋಡೌನಿನ ಹುಡುಗನೊಬ್ಬನನ್ನು ಪ್ರಯಾಣದ ಸುಳ್ಳು ಬಿಲ್ಲಿಗೆ ಕೆಲಸದಿಂದ ತೆಗೆದರು. ಆಮೇಲೆ ಎಂಟು ತಿಂಗಳು ಒಂದು ದೂರೂ ಬರಲಿಲ್ಲ. ಎಲ್ಲ ಸರಿಹೋಯಿತು ಅಂದುಕೊಂಡೆವು. ಆದರೆ ಜನ ನಮ್ಮ ಮೇಲಿನ ನಂಬಿಕೆಯನ್ನೇ ಬಿಟ್ಟಿದ್ದರು. ಆ ಹುಡುಗನ ಮುಖ ಇವತ್ತಿಗೂ ಮರೆತಿಲ್ಲ.

ಎರಡನೆಯದು ಟಾರ್ಗೆಟ್. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನಲ್ಲಿ ಮಾರಾಟದ ಒತ್ತಡಕ್ಕೆ ಸಿಬ್ಬಂದಿ ಗ್ರಾಹಕರಿಗೆ ಗೊತ್ತಿಲ್ಲದಂತೆ ಲಕ್ಷಗಟ್ಟಲೆ ಖಾತೆ ತೆರೆದರು. 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಪ್ರಾಮಾಣಿಕವಾಗಿ ಮುಟ್ಟಲಾಗದ ಟಾರ್ಗೆಟ್ ಕೊಟ್ಟು ಪ್ರಾಮಾಣಿಕವಾಗಿರಿ ಅಂದರೆ, ಜನ ಕೇಳಿಸಿಕೊಳ್ಳುವುದು ಟಾರ್ಗೆಟ್ಟನ್ನೇ ಅಲ್ವಾ?

ಚೆನ್ನಾಗಿ ಮಾಡಿದವರೂ ಇದ್ದಾರೆ. ಜಾನ್ಸನ್ ಅಂಡ್ ಜಾನ್ಸನ್ ತನ್ನ ಧ್ಯೇಯಪತ್ರ ಬರೆದದ್ದು 1943ರಲ್ಲಿ. 1970ರ ದಶಕದಲ್ಲಿ ಅಲ್ಲಿನ ಹಿರಿಯ ಅಧಿಕಾರಿ ಜೇಮ್ಸ್ ಬರ್ಕ್ ಮ್ಯಾನೇಜರುಗಳನ್ನು ಕೂರಿಸಿ, ಇದರಂತೆ ನಡೆಯಲು ಆಗದಿದ್ದರೆ ಗೋಡೆಯಿಂದ ತೆಗೆದುಬಿಡೋಣ ಎಂದು ಚರ್ಚೆಗಿಟ್ಟರು. 1982ರಲ್ಲಿ ಷಿಕಾಗೋ ಸುತ್ತಮುತ್ತ ಯಾರೋ ಸಯನೈಡ್ ಬೆರೆಸಿದ, ಇದೇ ಕಂಪನಿಯ ನೋವಿನ ಔಷಧಿ ಟೈಲೆನಾಲ್ ನುಂಗಿ ಏಳು ಜನ ಸತ್ತಾಗ, ಕಂಪನಿ ಸುಮಾರು 3.1 ಕೋಟಿ ಬಾಟಲಿ ವಾಪಸ್ ತರಿಸಿತು. ಮೊದಲೇ ಜಗಳವಾಡಿ ಒಪ್ಪಿಕೊಂಡಿದ್ದ ಮಾತು ಅಲ್ಲಿ ಕೆಲಸಕ್ಕೆ ಬಂತು ಅಂತ ನನ್ನ ನಂಬಿಕೆ. ಮುಂದೆ ಅದೇ ಕಂಪನಿ ಬೇರೆ ವಿಷಯಗಳಿಗೆ ಕೋರ್ಟಿನಲ್ಲಿ ಕೇಸು ಎದುರಿಸಬೇಕಾಯಿತು. ಅಂದರೆ ಇದು ಒಮ್ಮೆ ಮಾಡಿ ಮುಗಿಸುವ ಕೆಲಸ ಅಲ್ಲ.

ತರಬೇತಿ, ಪೋಸ್ಟರ್ ಇರಲಿ, ತಪ್ಪಿಲ್ಲ. ಆದರೆ ದೂರು, ಯಾರ ಮೇಲೆ ಬಂದಿದೆಯೋ ಅವರ ಮೇಜನ್ನೇ ದಾಟಿ ಬರುವಂತಿರಬಾರದು. ದೂರು ಕೊಟ್ಟವರಿಗೆ ಏನಾಯಿತೆಂದು ತಿಳಿಸಿ. ನಾಳೆಯೇ ಒಂದು ಕೆಲಸ ಮಾಡಿ: ಕಳೆದ ವರ್ಷ ಯಾರ್ಯಾರಿಗೆ "ಈ ಸಲ ಬಿಡಿ" ಅಂದಿರಿ, ಪಟ್ಟಿ ತರಿಸಿ. ಅದರಲ್ಲಿ ನಿಮಗೆ ತುಂಬಾ ಬೇಕಾದವರ ಹೆಸರಿದ್ದರೆ, ಮೊದಲ ಮಾತು ಅವರ ಜೊತೆಗೇ ಆಗಲಿ.